ಹತ್ತು ಪಾಯಿಂಟ್ ಎರಡು

ಮೌನಿಕಾಳ ಜರ್ನಲ್‌ನಲ್ಲಿ ಮೂರು ರೀಡಿಂಗ್ ಇದ್ದವು: 10.2, 10.2, 10.2.

ನಮ್ಮ ಪ್ರಯೋಗಾಲಯದ ಬ್ಯುರೆಟ್‌ಗಳನ್ನು, ದ್ರಾವಣ ಅಳೆದು ಬಿಡುವ ಆ ಗಾಜಿನ ಕೊಳವೆಗಳನ್ನು, ಬಲ್ಲವರಿಗೆ ಅನುಮಾನ ಬರಲು ಅಷ್ಟು ಸಾಕು. ಒಂದರ ನಲ್ಲಿ ಸೋರುತ್ತದೆ. ಇನ್ನೊಂದರ ಗೆರೆಗಳು ತಿಕ್ಕಿ ತಿಕ್ಕಿ ಅಳಿಸಿಹೋಗಿವೆ, ಬೆಳಕಿಗೆ ಓರೆ ಹಿಡಿದರಷ್ಟೇ ಕಾಣುತ್ತವೆ. ಹೊಸ ಕಾಲೇಜುಗಳ ಹೊಸ ಬ್ಯುರೆಟ್‌ನಲ್ಲಿ ಮೂರು ಸಲ ಒಂದೇ ಅಂಕಿ ಬಂದೀತು. ಶಹಾಪುರದ ನಮ್ಮ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಕೆಮಿಸ್ಟ್ರಿ ಕಲಿಸುತ್ತಿದ್ದೇನೆ, ಒಮ್ಮೆಯೂ ಬಂದದ್ದಿಲ್ಲ.

ನಾನು ಅತಿಥಿ ಉಪನ್ಯಾಸಕಿ. ಪ್ರತಿವರ್ಷ ಹೊಸದಾಗಿ ಅರ್ಜಿ ಹಾಕಿ ಅದೇ ಕುರ್ಚಿಗೆ ಮರಳುವವಳು. ಬೆಳಿಗ್ಗೆ ಎಂಟರ ಬಸ್ಸಿಗೆ ಯಾದಗಿರಿ ಬಿಟ್ಟರೆ ಸಂಜೆ ಆರೂವರೆಗೆ ಮನೆ. ಬಿ.ಎಸ್ಸಿ. ಕೊನೆಯ ವರ್ಷದವರಿಗೆ ನಾನು ಕೊಡುವ ಪ್ರಾಜೆಕ್ಟ್ ಒಂದೇ. ನಿಮ್ಮೂರ ಬೋರಿನ ನೀರು ತನ್ನಿ, ಅದು ಎಷ್ಟು ಗಡಸು ನೋಡಿ. ಫ್ಲಾಸ್ಕಿನಲ್ಲಿ ಐವತ್ತು ಎಂ.ಎಲ್. ನೀರು, ಅದಕ್ಕೊಂದಿಷ್ಟು ಬಫರ್ ದ್ರಾವಣ, ಒಂದು ಚಿಟಿಕೆ ಇಂಡಿಕೇಟರ್, ನೀರು ಕೆಂಪಾಗುತ್ತದೆ. ಮೇಲಿನ ಬ್ಯುರೆಟ್‌ನಿಂದ ಇಡಿಟಿಎ ದ್ರಾವಣ ಹನಿಹನಿಯಾಗಿ ಬಿಡುತ್ತ ಹೋದರೆ ಒಂದು ಹಂತಕ್ಕೆ ಕೆಂಪು ಹೋಗಿ ನೀಲಿಯಾಗುತ್ತದೆ. ಅಷ್ಟರಲ್ಲಿ ಎಷ್ಟು ಎಂ.ಎಲ್. ಇಳಿಯಿತೋ ಅದೇ ರೀಡಿಂಗ್. ಹೆಚ್ಚು ಇಳಿದಷ್ಟೂ ನೀರು ಗಡಸು. ಇಪ್ಪತ್ತೈದು ಅಂಕದ ಪ್ರಾಜೆಕ್ಟ್. ಹತ್ತಕ್ಕಿಂತ ಕಡಿಮೆ ಬಂದರೆ ಪರೀಕ್ಷೆಗೆ ಕೂರುವಂತಿಲ್ಲ, ವರ್ಷ ಹೋಯಿತು.

ಆ ವರ್ಷ ನನಗೆ ವೈರಿ ಎಂದು ಯಾರಾದರೂ ಇದ್ದರೆ ಅದು ಹುಡುಗರ ಫೋನಿನೊಳಗಿನ ಚಾಟ್‌ಬಾಟ್. ಅದರ ಹೆಸರನ್ನು ತರಗತಿಯಲ್ಲಿ ನಾನು ಎತ್ತುತ್ತಿರಲಿಲ್ಲ, 'ಅದು' ಎನ್ನುತ್ತಿದ್ದೆ. ಅಸೈನ್‌ಮೆಂಟ್ ಕೊಟ್ಟರೆ ಮೂವತ್ತೊಂದು ಹಾಳೆ ಬರುತ್ತಿದ್ದವು, ಕೈಬರಹ ಮೂವತ್ತೊಂದು, ದನಿ ಒಂದೇ. ಬೈಯಲು ಒಂದು ತಪ್ಪೂ ಸಿಗದ, ಯಾರೂ ಮಾತಾಡದ ದನಿ. ಒಬ್ಬಳು ವೈವಾದಲ್ಲಿ ಬಫರ್ ದ್ರಾವಣದ ಬಗ್ಗೆ ಆರು ಸಾಲು ಉಸಿರು ಬಿಡದೆ ಹೇಳಿದಳು. "ಇವುಗಳಾಗ ಬಫರ್ ಬಾಟ್ಲಿ ಯಾವುದು?" ಎಂದು ಶೆಲ್ಫ್ ತೋರಿಸಿದೆ. ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಹುಡುಕುವವರ ಹಾಗೆ ನೋಡುತ್ತ ನಿಂತಳು.

ಹಳೆಯ ತಕ್ಕಡಿಯ ಮರದ ಪೆಟ್ಟಿಗೆಯೊಂದನ್ನು ಲ್ಯಾಬಿನ ಬಾಗಿಲಲ್ಲಿಟ್ಟು, ಒಳಗೆ ಬರುವ ಮುಂಚೆ ಫೋನ್ ಅದರಲ್ಲಿ ಹಾಕಬೇಕು ಎಂದೆ.

"ಮಸೀದಿ ಮುಂದ ಚಪ್ಪಲ್ ಬಿಟ್ಟಂಗಾತ್ರಿ, ಮ್ಯಾಡಮ್," ಎಂದ ಸೊಹೇಲ್. ತರಗತಿಯಲ್ಲಿ ಯಾವುದಕ್ಕೂ ಅವನದೊಂದು ಮಾತು ಇದ್ದೇ ಇರುತ್ತದೆ. "ಒಳಗ ಬಂದು ಏನ್ ಬೇಡ್ಕೋಬೇಕು ಅಷ್ಟ್ ಹೇಳ್ರಿ."

"ಬುದ್ಧಿ ಬೇಡ್ಕೋ," ಎಂದೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಜರ್ನಲ್ ನೋಡಿದ್ದು ಶುಕ್ರವಾರ ಮಧ್ಯಾಹ್ನ. ಮಾರ್ಚಿನ ಬಿಸಿಲು, ಲ್ಯಾಬಿನ ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿ ಇರಲಿಲ್ಲ. ಮೂವತ್ತು ಜರ್ನಲ್‌ಗಳಿಗೆ ಸಹಿ ಮಾಡಿ ಅಂಕ ಬರೆದಿದ್ದೆ. ಮೂವತ್ತೊಂದನೆಯದು ಮೌನಿಕಾಳದು. ಸುರಪುರದಾಚೆ ಹೊಳೆದಂಡೆಯ ಊರಿನ ಹುಡುಗಿ. ಅಪ್ಪ ಬಲೆ ಹಾಕಿ ಮೀನು ಹಿಡಿಯುತ್ತಾನೆ ಎಂದಷ್ಟೇ ಗೊತ್ತಿತ್ತು. ಮೂರು ವರ್ಷ ಕೊನೆಯ ಬೆಂಚು, ಮೂರು ವರ್ಷ ಬಾಯಿ ಮುಚ್ಚಿದವಳು.

"ಬಾ ಇಲ್ಲಿ," ಎಂದೆ. ಬಂದಳು.

"ಇವು ನೀನ ಮಾಡಿದ್ದೇನು?"

"ಹೌದ್ರಿ."

"ಮೂರು ಸಲ ಮಾಡಿದಿ, ಮೂರು ಸಲಾನೂ ಹತ್ತು ಪಾಯಿಂಟ್ ಎರಡು?"

ಅವಳ ಕಣ್ಣು ಬಾಗಿಲ ಬಳಿಯ ಫೋನ್ ಪೆಟ್ಟಿಗೆಯ ಕಡೆ ಹೋಯಿತು.

"ಫೋನ್ ತಗೊಂಡ್ ಬಾ. ಅದಕ್ಕ ಏನ್ ಕೇಳಿದಿ, ತೋರ್ಸು."

"ಫೋನ್ ನಂದ್ರಿ," ಎಂದಳು. "ಯಾಕ್ ತೋರಿಸ್ಲಿ?"

ಹಿಂದಿನಿಂದ ಸೊಹೇಲ್, ನನಗೆ ಕೇಳಲಿ ಎಂದೇ, ಸ್ವಲ್ಪ ದನಿ ತಗ್ಗಿಸಿ, "ಏ ಹುಚ್ಚಿ, ಜರಾ ಹಿಂದ ಮುಂದ ಮಾಡಿ ಬರೀಬೇಕಿಲ್ಲೇನ? ಹತ್ತು, ಹತ್ತು ಪಾಯಿಂಟ್ ನಾಲ್ಕು, ಹಿಂಗ," ಎಂದ. ಇಡೀ ಲ್ಯಾಬು ಗೊಳ್ಳೆಂದಿತು. ಆ ಮಾತನ್ನು ನಾನು ತಮಾಷೆ ಎಂದೇ ಕೇಳಿಸಿಕೊಂಡೆ.

"ಆ ಮಷಿನ್ ನಿನಗ ಡಿಗ್ರಿ ಕೊಡತದೇನು?" ಎಂದು ಕೇಳಿದೆ.

"ಕೊಡಂಗಿಲ್ರಿ. ಆದ್ರ ಅದು ಒದರಾಡಂಗಿಲ್ಲ."

ಕೆಂಪು ಪೆನ್ನು ತೆಗೆದು ಮೂರು ಅಂಕಿಗಳ ಮೇಲೂ ಒಂದೇ ಗೆರೆ ಎಳೆದೆ. ಪಕ್ಕಕ್ಕೆ 'ಕಲ್ಪಿತ' ಎಂದು ಬರೆದೆ, ಕೆಳಗೆ ಸೊನ್ನೆ. ಎಲ್ಲರಿಗೂ ಕಾಣುವಂತೆ ಜರ್ನಲ್ ಎತ್ತಿ ಹಿಡಿದೆ. ಅದೇ ಮಧ್ಯಾಹ್ನ ವಿಭಾಗದ ಮುಖ್ಯಸ್ಥ ಅಯ್ಯಪ್ಪ ಸರ್‌ಗೆ ಪತ್ರ ಕೊಟ್ಟೆ: ವಿದ್ಯಾರ್ಥಿನಿಯು ಪ್ರಯೋಗ ಮಾಡದೆ ಅಂಕಿಗಳನ್ನು ಎಐ ಮೂಲಕ ಪಡೆದಿರುತ್ತಾಳೆ, ಪ್ರಾಜೆಕ್ಟ್ ತಿರಸ್ಕರಿಸಲಾಗಿದೆ. ಬಸ್ಸಿನಲ್ಲಿ ಕೂತಾಗ ಖುಷಿಯಾಗಿತ್ತು. ಆ ವರ್ಷವೆಲ್ಲ ಆ ವೈರಿಯ ಕುತ್ತಿಗೆ ಕೈಗೆ ಸಿಕ್ಕದ್ದು ಅದೊಂದೇ ಸಲ.

ಸೋಮವಾರ ಬಾಟಲಿಗಳನ್ನು ತೊಳೆಸುವ ಕೆಲಸ. ಅಟೆಂಡರ್ ಮರಿಲಿಂಗಪ್ಪ ಇಪ್ಪತ್ತಾರು ವರ್ಷದಿಂದ ಆ ಲ್ಯಾಬಿನಲ್ಲಿ ಗಾಜು ತೊಳೆದವರು. ಓದಿದ್ದು ಐದನೇ ಇಯತ್ತೆ. ಪ್ರತಿ ವಿದ್ಯಾರ್ಥಿಗೂ ಇನ್ನೂರೈವತ್ತು ಎಂ.ಎಲ್. ಇಡಿಟಿಎ ಅಳೆದು, ಹೆಸರು ಅಂಟಿಸಿ ಕೊಟ್ಟಿದ್ದೆ. ಎಷ್ಟು ಖರ್ಚಾಯಿತು ಎಂದು ಬರೆದಿಡುವುದು ನನ್ನ ರೂಢಿ. ಬೇರೆಯವರು ನಗುತ್ತಾರೆ, ನಗಲಿ.

ಸೊಹೇಲ್‌ನ ಬಾಟಲಿಯಲ್ಲಿ ಇನ್ನೂರ ಮೂವತ್ತು ಉಳಿದಿತ್ತು. ಇನ್ನೊಬ್ಬಳದರಲ್ಲಿ ಇನ್ನೂರ ಮೂವತ್ತೈದು. ಪುಸ್ತಕದಲ್ಲಿ ಬರೆಯುತ್ತ ಹೋದೆ. ಆ ಸಂಖ್ಯೆಗಳು ಏನು ಹೇಳುತ್ತಿವೆ ಎಂದು ಆಗ ತಲೆಗೆ ಹೋಗಲಿಲ್ಲ. ಮೌನಿಕಾಳ ಬಾಟಲಿ ಕೈಗೆ ಬಂದಾಗ ಹಗುರ ಅನ್ನಿಸಿತು. ಅಳೆದೆ. ಐವತ್ತೆರಡು.

ಹತ್ತು ಪಾಯಿಂಟ್ ಎರಡರಂತೆ ಮೂರು ಸಲ ಎಂದರೆ ಮೂವತ್ತೊಂದು. ತೊಳೆಯಲು ಹತ್ತು ಹಿಡಿದರೂ ಇನ್ನೂರಕ್ಕಿಂತ ಹೆಚ್ಚು ಉಳಿಯಬೇಕು. ಏನೂ ಮಾಡದೆ ಫೋನಿನಿಂದ ಬರೆದಿದ್ದರೆ ಬಾಟಲಿ ತುಂಬಿಯೇ ಇರಬೇಕಿತ್ತು.

"ಚೆಲ್ಲಿರಬೇಕು," ಎಂದೆ.

"ಚೆಲ್ಲಿದ್ರ ನನಗ ಗೊತ್ತಾಗಂಗಿಲ್ಲೇನ್ರಿ? ಒರಸಾವ ನಾನು," ಎಂದರು ಮರಿಲಿಂಗಪ್ಪ. "ಆ ಹುಡುಗಿ ಬುಧವಾರ, ಗುರುವಾರ ಎರಡೂ ದಿನ ಐದರ ತನಕ ಇಲ್ಲೇ ನಿಂತು ಹನಿ ಹಾಕ್ಯಾಳ್ರಿ. 'ಯವ್ವಾ, ಬಸ್ ಹೋಗತದ' ಅಂದೆ, ಕೇಳಲಿಲ್ಲ. ಆರು ಸಲ. ಒಂದೊಂದು ಸಲ ಮುಗದಾಗೂ ಬ್ಯುರೆಟ್ ನೋಡಾಕಿ, ಮಾರಿ ಸಣ್ಣ ಮಾಡಾಕಿ, ಚೆಲ್ಲಿ ಮತ್ತ ಸುರು ಮಾಡಾಕಿ."

"ಶುಕ್ರವಾರ ನೀವು ಇಲ್ಲೇ ಇದ್ರಿ. ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರು ನನಗ?" ಎಂದು ಅವರು ನಲ್ಲಿ ಬಿಟ್ಟರು. "ನೀವು ಪೆನ್ ಹಿಡದಿದ್ರಿ."

ಶೆಲ್ಫಿನ ಮೂಲೆಯಲ್ಲಿ ಅವಳು ನೀರು ತಂದ ಬಾಟಲಿ ಇನ್ನೂ ಇತ್ತು. ಎರಡು ಲೀಟರಿನ ತಂಪು ಪಾನೀಯದ ಬಾಟಲಿ. ಮೇಲೆ ಬಿಳಿ ಪಟ್ಟಿ ಅಂಟಿಸಿ 'ಹೊಸ ಓಣಿ ಬೋರು, ಬೆಳಿಗ್ಗೆ 6.10' ಎಂದು ಬರೆದಿದ್ದಳು. ವೇಳೆಯನ್ನು ಬರೆದಿದ್ದವಳು ಮೂವತ್ತೊಂದು ಜನರಲ್ಲಿ ಅವಳೊಬ್ಬಳೇ. ಸೋರದ ಬ್ಯುರೆಟ್ ಆರಿಸಿ, ಐವತ್ತು ಎಂ.ಎಲ್. ನೀರು ಹಾಕಿ, ಇಡಿಟಿಎ ಬಿಡತೊಡಗಿದೆ.

ಹತ್ತಕ್ಕೆ ನೀರು ಕೆಂಪಾಗಿತ್ತು. ಹದಿನೈದಕ್ಕೂ ಕೆಂಪು. ಇಪ್ಪತ್ತಕ್ಕೆ ಇಂಡಿಕೇಟರ್ ಕೆಟ್ಟಿದೆ ಎಂದುಕೊಂಡೆ. ಇಪ್ಪತ್ತೈದಕ್ಕೆ ಬಫರ್ ಮರೆತೆನೇ ಎಂದು ನೋಡಿದೆ, ಮರೆತಿರಲಿಲ್ಲ. ಮೂವತ್ತೊಂದಕ್ಕೆ ನೇರಳೆ ಬಂತು. ಅಲ್ಲಿಂದ ಹತ್ತು ಹನಿಗೆ ಪೂರ್ತಿ ನೀಲಿ. 31.5. ಇನ್ನೊಮ್ಮೆ ಮಾಡಿದೆ. 31.5.

ನಮ್ಮ ಲೆಕ್ಕದಲ್ಲಿ ಒಂದು ಎಂ.ಎಲ್. ಎಂದರೆ ಲೀಟರಿಗೆ ಇಪ್ಪತ್ತು ಮಿಲಿಗ್ರಾಂ ಗಡಸುತನ. ಆರುನೂರ ಮೂವತ್ತು. ಬೇರೆ ನೀರೇ ಇಲ್ಲದಿದ್ದರೆ ಆರುನೂರರ ತನಕ ಕುಡಿಯಬಹುದು ಎನ್ನುತ್ತದೆ ನಿಯಮ. ಅವಳ ಓಣಿಯ ನೀರು ಅದನ್ನೂ ದಾಟಿತ್ತು. ಅವಳು ಪ್ರಯೋಗ ಮಾಡಿದ್ದಳು. ಆರು ಸಲ ಮಾಡಿದ್ದಳು. ಹಾಗಾದರೆ ಇದನ್ನು ಬಿಟ್ಟು 10.2 ಯಾಕೆ ಬರೆದಳು?

ಮಂಗಳವಾರ ಕರೆಸಿದೆ. ಬಂದು ಮೇಜಿನ ಆಚೆ ನಿಂತಳು. ಕೂರು ಎಂದರೂ ಕೂರಲಿಲ್ಲ.

"ಈಗೇನ್ರಿ? ಸೊನ್ನಿಕಿಂತ ಕೆಳಗ ಹಾಕ್ತೀರೇನು?"

"ನಿನ್ನ ನೀರು ನಾನು ಮಾಡಿ ನೋಡೀನಿ. ಮೂವತ್ತೊಂದೂವರಿ ಬಂತು."

ಅವಳ ಮುಖದಲ್ಲಿ ಸಮಾಧಾನ ಕಾಣುತ್ತದೆ ಎಂದುಕೊಂಡಿದ್ದೆ. ಕಂಡದ್ದು ಇನ್ನಷ್ಟು ಸಿಟ್ಟು. "ನನಗೂ ಅದ ಬಂದಿತ್ರಿ," ಎಂದಳು.

"ಮತ್ತ ಅದನ್ನ ಬರೀಬೇಕಿಲ್ಲೇನು?"

ಫೋನ್ ತೆಗೆದು ಎಲ್ಲೋ ಒತ್ತಿ ಮೇಜಿನ ಮೇಲೆ ನನ್ನ ಕಡೆ ತಳ್ಳಿದಳು. "ಅವತ್ತು ಎಲ್ಲರ ಮುಂದ ಕೇಳಿದ್ರೆಲ್ಲ? ಈಗ ಓದ್ರಿ. ಪೂರಾ ಓದ್ರಿ."

ಅವಳು ನಮ್ಮ ಕಡೆಯ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ಅದು ಪುಸ್ತಕದ ಕನ್ನಡದಲ್ಲಿ ಉತ್ತರಿಸಿತ್ತು. ಮೊದಲು, ಹುಡುಗರು ನೋಡಿ ಕಲಿಯಲೆಂದು ಲ್ಯಾಬಿನ ಶೆಲ್ಫಿನಲ್ಲಿಟ್ಟ ನನ್ನ ಮಾಡೆಲ್ ಜರ್ನಲ್‌ನ ಒಂದು ಪುಟದ ಫೋಟೊ. ಅದರ ಕೆಳಗೆ ಅವಳ ಪ್ರಶ್ನೆ: ನನಗ 31.4, 31.6, 31.5 ಬಂದದ. ಮ್ಯಾಡಮ್ ಕೊಟ್ಟ ಜರ್ನಲ್‌ನ್ಯಾಗ 10.2 ಅದ. ಯಾವುದು ಖರೆ?

ಉತ್ತರ ಉದ್ದವಿತ್ತು. ವ್ಯತ್ಯಾಸ ಬಹಳ ಹೆಚ್ಚಿರುವುದರಿಂದ ಪ್ರಯೋಗದಲ್ಲಿ ದೋಷವಿರುವ ಸಾಧ್ಯತೆ ಇದೆ ಎಂದು ಹೇಳಿ ದೋಷಗಳನ್ನು ಎಣಿಸಿತ್ತು: ದ್ರಾವಣ ತೆಳುವಾಗಿರಬಹುದು, ಬ್ಯುರೆಟ್ ಓದುವಲ್ಲಿ ತಪ್ಪಿರಬಹುದು, ಫ್ಲಾಸ್ಕ್ ತೊಳೆಯದಿರಬಹುದು. ಹತ್ತನೆಯದೋ ಹನ್ನೊಂದನೆಯದೋ ಸಾಲಿನಲ್ಲಿ, ನೀರೇ ಹೆಚ್ಚು ಗಡಸಾಗಿರುವ ಸಾಧ್ಯತೆಯೂ ಇದೆ.

ಅವಳು ಮತ್ತೆ ಮಾಡಿದ್ದಳು. ಮರುದಿನದ ಪ್ರಶ್ನೆ: ಎಲ್ಲ ಹೇಳಿದಂಗ ಮಾಡೀನಿ, ಮತ್ತೂ 31.5. ಅದು ಕ್ಷಮೆ ಕೇಳಿ ಇನ್ನೂ ಏಳು ದೋಷ ಹುಡುಕಿಕೊಟ್ಟಿತ್ತು. ಕೊನೆಗೆ: ನಿಮ್ಮ ಅಂಕಿಗಳು ಪ್ರತಿ ಸಲವೂ ಹತ್ತಿರ ಹತ್ತಿರ ಬರುತ್ತಿರುವುದರಿಂದ ಅವು ಸರಿಯೂ ಇರಬಹುದು. ಈ ವ್ಯತ್ಯಾಸದ ಬಗ್ಗೆ ನಿಮ್ಮ ಉಪನ್ಯಾಸಕರನ್ನು ಕೇಳುವುದು ಉತ್ತಮ.

ಅದರ ಕೆಳಗೆ ಅವಳದೊಂದೇ ಸಾಲು: ಅವರ ಕಡಿ ಹೋಗಂಗಿಲ್ಲ. 10.2 ಬರೋಹಂಗ ಟೇಬಲ್ ಮಾಡಿ ಕೊಡು.

ಅದು ಮಾಡಿ ಕೊಟ್ಟಿತ್ತು. ಚೌಕ ಚೌಕವಾಗಿ, ಗೆರೆ ಹೊಡೆದು, ಮೂರು ಸಲ 10.2. ಇನ್ನೇನಾದರೂ ಸಹಾಯ ಬೇಕೇ ಎಂದೂ ಕೇಳಿತ್ತು.

ಅದರ ಮೇಲೆ ನನಗಿದ್ದ ಸಿಟ್ಟು ಕಡಿಮೆಯಾಗಲಿಲ್ಲ. ಒಂದು ಕೈಯಿಂದ ನಿಜದ ದಾರಿ ತೋರಿಸಿ, ಇನ್ನೊಂದು ಕೈಯಿಂದ ಕೇಳಿದ ಸುಳ್ಳನ್ನು ಕಟ್ಟಿಕೊಡುವ ವಸ್ತುವನ್ನು ಏನೆಂದು ನಂಬುವುದು? ಆದರೆ ಆ ಸಾಲು ಕಣ್ಣೆದುರಿಗಿತ್ತು. ಅದು ಅವಳನ್ನು ನನ್ನ ಬಳಿಗೆ ಕಳಿಸಿತ್ತು. ಅವಳು ಬಂದಿರಲಿಲ್ಲ.

"ಯಾಕ ಬರಲಿಲ್ಲ ನನ್ನ ಕಡಿ?"

"ಒಮ್ಮಿ ಬಂದಿದ್ನೆಲ್ಲ."

"ಯಾವಾಗ?"

"ಫಸ್ಟ್ ಸೆಮಿಸ್ಟರ್. ಮೋಲಾರಿಟಿ ಅಂದ್ರ ಕನ್ನಡದಾಗ ಒಮ್ಮಿ ಹೇಳ್ರಿ ಅಂದೆ. 'ಇಷ್ಟೂ ತಿಳೀದವ್ರು ಸೈನ್ಸಿಗೆ ಯಾಕ ಬರ್ತೀರಿ, ಆರ್ಟ್ಸ್ ಕಟ್ಟಡ ಅಲ್ಲದ ನೋಡು' ಅಂದ್ರಿ. ಕೈ ಮಾಡಿ ತೋರಿಸಿದ್ರಿ. ಎಲ್ಲಾರೂ ಆ ಕಡಿ ನೋಡಿದ್ರು."

ನನಗೆ ನೆನಪಿರಲಿಲ್ಲ. ನಾನು ಹಾಗೆ ಅಂದಿಲ್ಲ ಎನ್ನಲೂ ಬರುವಂತಿರಲಿಲ್ಲ. ಅದು ನನ್ನದೇ ಮಾತು. ಎಷ್ಟು ಜನಕ್ಕೆ ಅಂದಿದ್ದೇನೋ, ನೆನಪಿಡುವಷ್ಟು ದೊಡ್ಡದು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

"ಅದಕ್ಕ ಒಂದ ಮಾತು ನೂರು ಸಲ ಕೇಳೀನ್ರಿ," ಎಂದಳು, ಫೋನಿನ ಕಡೆ ಗದ್ದ ಎತ್ತಿ. "ಮೋಲಾರಿಟಿ ಅದ ಹೇಳ್ಕೊಟ್ಟದ್ದು. ಹಂಡೆ ನೀರಿಗೆ ಎಷ್ಟು ಮುಷ್ಟಿ ಉಪ್ಪು ಅಂತ ಹೇಳಿ ತಿಳಿಸ್ತು. ನೀವು ಅದಕ್ಕ ಮಷಿನ್ ಅಂತೀರಿ. ಅನ್ರಿ."

"ಅದು ಹೇಳಿಕೊಟ್ಟದ್ದು ಇರಲಿ. ಈ 10.2 ಸುಳ್ಳಲ್ಲೇನು? ಅದ ಕೊಟ್ಟ ಸುಳ್ಳು."

"ಅದು ಕೊಟ್ಟಿದ್ದಲ್ರಿ." ಬಾಗಿ ಪರದೆಯನ್ನು ಮೇಲಕ್ಕೆ ಸರಿಸಿ ಆ ಫೋಟೊ ತೋರಿಸಿದಳು. "ಈ ಕೈಬರಹ ಯಾರ್ದು?"

ನನ್ನದು. ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹುಡುಗರಿಗೆ ಅನುಕೂಲವಾಗಲಿ ಎಂದು ನೀಲಿ ಶಾಯಿಯಲ್ಲಿ ಚಂದಗೆ ಬರೆದಿಟ್ಟ ಮಾಡೆಲ್ ಜರ್ನಲ್. ನೀರಿನ ಗಡಸುತನ, ಮಾದರಿ ಲೆಕ್ಕ: 10.2, 10.2, 10.2. ಬರೆದದ್ದು ನನ್ನ ಡಿಗ್ರಿ ಜರ್ನಲ್ ನೋಡಿ. ಡಿಗ್ರಿಯಲ್ಲಿ ನಾನು ಬರೆದದ್ದು ನನ್ನ ಸೀನಿಯರ್ ಒಬ್ಬಳದು ನೋಡಿ. ಆ ವಾರ ಲ್ಯಾಬಿನಲ್ಲಿ ನೀರೇ ಬಂದಿರಲಿಲ್ಲ. ಅವಳು ಯಾರದು ನೋಡಿ ಬರೆದಿದ್ದಳೋ. ಆ ಅಂಕಿ ಯಾವ ಊರಿನ ಯಾವ ಬೋರಿನದು ಎಂದು ನನಗೆ ಗೊತ್ತಿಲ್ಲ. ಅದು ಯಾವುದಾದರೂ ನೀರಿನದೇ ಎಂಬುದೂ ಗೊತ್ತಿಲ್ಲ. ಮೂರು ಸಲ ಒಂದೇ ಅಂಕಿ ಬರುವುದಿಲ್ಲ ಎಂದು ಶುಕ್ರವಾರ ಅವಳಿಗೆ ಹೇಳಿದವಳ ಕೈಬರಹದಲ್ಲೇ ಮೂರು ಸಲ ಒಂದೇ ಅಂಕಿ ಇತ್ತು. ಹನ್ನೊಂದು ವರ್ಷ ಅದು ಶೆಲ್ಫಿನ ಮೇಲಿತ್ತು.

"ನಮ್ಮವ್ವ ಚಂದಮ್ಮ," ಎಂದಳು ಮೌನಿಕಾ, ಕೇಳದೆಯೇ. "ಹೊಳಿ ಬಂದಾಗ ಊರು ಎಬ್ಬಿಸಿ ದಿಬ್ಬದ ಮ್ಯಾಲ ಮನಿ ಕಟ್ಟಿ ಕೊಟ್ರು. ಅಲ್ಲಿ ಬೋರ್ ನೀರ. ಕೆಳಗಿದ್ದಾಗ ಒಂದು ತಾಸಿಗೆ ಬೇಯೋ ಬ್ಯಾಳಿ ಈಗ ಮೂರು ತಾಸಿಗೂ ಬೇಯಂಗಿಲ್ಲ. 'ಈ ನೀರಾಗ ಕಲ್ಲದ' ಅಂತಾಳ. 'ಅವ್ವಾ, ಲ್ಯಾಬಿನ್ಯಾಗ ನೋಡಿ ಹೇಳ್ತೀನಿ' ಅಂದು ಆಕಿ ಮುಂದ ಬಾಟ್ಲಿ ತುಂಬಿಸ್ಕೊಂಡು ಬಂದೆ. ನಿಮ್ಮ ಜರ್ನಲ್ ನೋಡಿ, ಹೋಗಿ ಆಕಿಗೆ ಏನ್ ಹೇಳಿದೆ ಗೊತ್ತದೇನ್ರಿ? 'ನೀರು ಚಲೋ ಅದ, ನೀನ ಬ್ಯಾಳಿ ಬೇಸೋದು ಮರತಿ' ಅಂದೆ."

ಫೋನ್ ಎತ್ತಿಕೊಂಡು ಹೋದಳು.

ಅವಳು ಹೋದ ಮೇಲೆ ಉಳಿದ ಮೂವತ್ತು ಜರ್ನಲ್‌ಗಳನ್ನು ಮತ್ತೆ ತೆರೆದೆ. ಹತ್ತಿಕುಣಿಯ ನೀರು 10.4, 10.2, 10.0. ಕಡೇಚೂರಿನದು 9.8, 10.2, 10.4. ರಂಗಂಪೇಟೆ 10.6, 10.2, 10.4. ಮೂವತ್ತು ಊರಿನ ಮೂವತ್ತು ಬೋರು, ಕಪ್ಪು ನೆಲ, ಕೆಂಪು ನೆಲ, ಕೆರೆಯ ಕೆಳಗಿನದು, ಬಂಡೆಯ ಮೇಲಿನದು. ಎಲ್ಲದರ ನೀರೂ ಒಂದೇ ಗಡಸು. ಜರಾ ಹಿಂದೆ, ಜರಾ ಮುಂದೆ. ಸೊಹೇಲ್ ತಮಾಷೆ ಮಾಡಿರಲಿಲ್ಲ, ವಿಧಾನ ಹೇಳಿದ್ದ. ಅವರ ಬಾಟಲಿಗಳು ಇನ್ನೂರ ಮೂವತ್ತರ ಮೇಲೆ ತುಂಬಿದ್ದದ್ದನ್ನು ನಾನೇ ಅಳೆದು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅವರಿಗೆಲ್ಲ ಇಪ್ಪತ್ತೆರಡು, ಇಪ್ಪತ್ಮೂರು ಕೊಟ್ಟಿದ್ದೆ. ಮೂವತ್ತೊಂದು ಜನರಲ್ಲಿ ಆರು ಸಲ ಪ್ರಯೋಗ ಮಾಡಿದವಳು ಒಬ್ಬಳು. ಸುಳ್ಳನ್ನು ಸುಳ್ಳಾಗಿ ಕಾಣದಂತೆ ಬರೆಯಲು ಬಾರದವಳೂ ಅವಳೊಬ್ಬಳೇ. ಸೊನ್ನೆ ಅವಳಿಗೆ.

ಅಯ್ಯಪ್ಪ ಸರ್ ಬಳಿ ಹೋಗಿ ಪತ್ರ ವಾಪಸ್ ಬೇಕು ಎಂದೆ. ಕಾರಣ ಹೇಳಿದೆ, ನನ್ನ ಜರ್ನಲ್‌ನ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಮ್, ಶುಕ್ರವಾರ ನೀವ ಓಡಿ ಬಂದ್ರಿ. ಎಐ ಹಾವಳಿ, ಇವತ್ತ ಕ್ರಮ ಆಗಬೇಕು ಅಂದ್ರಿ. ಈಗ ನೀವ ಬಂದು ಮಾಡೆಲ್ ಜರ್ನಲ್ ಸುಳ್ಳು ಅಂತೀರಿ. ಯಾವ ಕಾಲೇಜಿನ ಮಾಡೆಲ್ ಜರ್ನಲ್ ಖರೆ ಅದ ಹೇಳ್ರಿ?"

"ಆಕಿ ಪ್ರಯೋಗ ಮಾಡ್ಯಾಳ, ಸರ್."

"ಮಾಡಿರಲಿ. ಬರದಿದ್ದು ಸುಳ್ಳು ಹೌದಿಲ್ಲೋ?"

"ಹೌದು. ಹಂಗಂದ್ರ ಮೂವತ್ತೊಂದೂ ಸುಳ್ಳು. ಎಲ್ಲರೂ ಮತ್ತ ಮಾಡಲಿ. ಎರಡು ದಿನ ಲ್ಯಾಬ್ ಕೊಡ್ರಿ."

"ಶುಕ್ರವಾರ ಅಂಕ ಅಪ್‌ಲೋಡ್ ಆಗಬೇಕು. ಒಬ್ಬ ಹುಡುಗಿ ಸಲುವಾಗಿ ಮೂವತ್ತು ಮಂದಿ ಜರ್ನಲ್ ಹರೀತೀರೇನು? ಅವ್ರ ತಂದಿ ತಾಯಿ ಬಂದು ಕೂಡ್ತಾರ ಇಲ್ಲಿ, ನಿಮ್ಮ ಮುಂದ ಅಲ್ಲ, ನನ್ನ ಮುಂದ." ಮತ್ತೆ ಕನ್ನಡಕ ಹಾಕಿಕೊಂಡರು. "ಆಕಿ ಒಬ್ಬಾಕಿ ಮತ್ತ ಮಾಡಲಿ, ಅಂಕ ಕೊಡ್ರಿ. ಉಳಿದವ್ರದು ಸಹಿ ಆಗ್ಯದ, ಮುಗೀತು. ಮುಂದಿನ ವರ್ಷದ ಲಿಸ್ಟಿಗೆ ನಾನ ಹೆಸರು ಕಳಸಬೇಕು, ಅದೂ ನೆನಪಿರಲಿ."

ಅದು ಬೆದರಿಕೆಯೋ ಕಾಳಜಿಯೋ ಎಂದು ಕೇಳಲು ಹೋಗಲಿಲ್ಲ. ಒಪ್ಪಿಕೊಂಡು ಬಂದೆ.

ಗುರುವಾರ ಬೆಳಿಗ್ಗೆ ಮೌನಿಕಾ ಹೊಸದಾಗಿ ನೀರು ತಂದಿದ್ದಳು. ಪಟ್ಟಿಯ ಮೇಲೆ ವೇಳೆ: 5.50. ತರಗತಿಗಳೆಲ್ಲ ಮುಗಿದ ಮೇಲೆ ಲ್ಯಾಬಿನಲ್ಲಿ ನಾವಿಬ್ಬರು, ತೊಟ್ಟಿಯ ಬಳಿ ಮರಿಲಿಂಗಪ್ಪ. ನಾನು ಬ್ಯುರೆಟ್‌ಗೆ ಇಡಿಟಿಎ ತುಂಬಲು ಹೋದೆ.

"ನೀವು ಮುಟ್ಟಬ್ಯಾಡ್ರಿ," ಎಂದಳು.

ದೂರ ನಿಂತೆ. ಪಿಪೆಟ್ ಹಿಡಿಯುವುದು, ಅದರ ತುದಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ಕೊನೆಯ ಹನಿ ಇಳಿಸುವುದು, ನಲ್ಲಿಯನ್ನು ಎಡಗೈಯಿಂದ ಸುತ್ತಿ ಹಿಡಿದು ಬಲಗೈಯಿಂದ ಫ್ಲಾಸ್ಕ್ ಅಲ್ಲಾಡಿಸುವುದು, ಎಲ್ಲವೂ ಸರಿಯಾಗಿತ್ತು. ಇದನ್ನು ನಾನೇ ಕಲಿಸಿದ್ದೆ, ಮೂರು ವರ್ಷ, ಕೊನೆಯ ಬೆಂಚಿನವರೆಗೆ ಕೇಳುವಷ್ಟು ಒದರಿ. ಅವಳ ಕೈ ನೋಡಿದ್ದು ಅದೇ ಮೊದಲು. ಮೂವತ್ತರ ನಂತರ ಹನಿಯನ್ನು ಅರ್ಧಕ್ಕೆ ತಡೆದು, ತೊಳೆದು, ಕಾದಳು. ನೀಲಿ ಬಂತು. ಮಂಡಿ ಬಗ್ಗಿಸಿ, ಕಣ್ಣು ಗೆರೆಯ ಮಟ್ಟಕ್ಕೆ ತಂದು ಓದಿದಳು.

"ಮೂವತ್ತೊಂದು ಪಾಯಿಂಟ್ ನಾಲ್ಕು."

ನಾನು ನಿಂತಲ್ಲಿಂದ ಐದು ಎಂದು ಕಾಣುತ್ತಿತ್ತು. ಗೆರೆಯ ಮಟ್ಟಕ್ಕೆ ಕಣ್ಣಿಟ್ಟವಳು ಅವಳು. ಇನ್ನೆರಡು ಸಲ ಮಾಡಿದಳು: 31.6, 31.4. ಹೊಸ ಹಾಳೆಯಲ್ಲಿ ಮೂರನ್ನೂ ಬರೆದು ಜರ್ನಲ್ ನನ್ನ ಮುಂದಿಟ್ಟಳು. ಹಿಂದಿನ ಹಾಳೆಯಲ್ಲಿ ನನ್ನ ಕೆಂಪು ಗೆರೆ, ನನ್ನ 'ಕಲ್ಪಿತ', ನನ್ನ ಸೊನ್ನೆ.

ಸೊನ್ನೆಯನ್ನು ಹೊಡೆದು ಹಾಕಿ ಸಹಿ ಮಾಡಿದೆ. ಅಂಕ ಬರೆಯುವಾಗ ಪೆನ್ನು ನಿಂತಿತು. ಮಾಡಿದ ಕೆಲಸಕ್ಕೆ ಇಪ್ಪತ್ತೈದು. ಆದರೆ ಕಂಡ ಅಂಕಿಯನ್ನು ಮುಚ್ಚಿ ಕಾಣದ ಅಂಕಿ ಬರೆದದ್ದೂ ನಿಜ. ಅದಕ್ಕೆ ಬೆಲೆ ಇಲ್ಲವೆಂದರೆ ನಾನು ಕಲಿಸುವುದಕ್ಕೂ ಬೆಲೆ ಇಲ್ಲ. 17 ಎಂದು ಬರೆದೆ.

ಅವಳು ಜರ್ನಲ್ ತಿರುಗಿಸಿ ನೋಡಿದಳು. "ಎಂಟು ಯಾಕ ಕಡದ್ರಿ?"

"10.2 ಬರದಿದ್ದಕ್ಕ."

"ಸೊಹೇಲ್‌ಗೆ ಎಷ್ಟ್ರಿ?"

ಗೊತ್ತಿದ್ದೂ ಕೇಳುತ್ತಿದ್ದಳು. "ಇಪ್ಪತ್ಮೂರು," ಎಂದೆ.

ತಲೆಯಾಡಿಸಿದಳು. ಪೆನ್ನಿನ ಮುಚ್ಚಳ ಹಾಕಿದಳು. ಸಿಟ್ಟಿಲ್ಲದ, ಲೆಕ್ಕ ಕೇಳುವ ದನಿಯಲ್ಲಿ, "ಆ 10.2 ನಿಮ್ದು. ನಿಮಗ ಎಷ್ಟು ಕಡೀತಾರ್ರಿ, ಮ್ಯಾಡಮ್?" ಎಂದಳು.

ತೊಟ್ಟಿಯ ಬಳಿ ನಲ್ಲಿ ನಿಂತಿತು. ಮರಿಲಿಂಗಪ್ಪ ಈ ಕಡೆ ತಿರುಗಿ ನೋಡಲಿಲ್ಲ.

ಯಾರೂ ಕಡಿಯುವುದಿಲ್ಲ. ಅದೇ ಸರಿಯಾದ ಉತ್ತರ, ಅವಳಿಗೂ ಗೊತ್ತಿತ್ತು. ಅಪ್‌ಲೋಡ್ ನಾಳೆ. ಮೂವತ್ತು ಮಂದಿ ಪಾಸಾಗುತ್ತಾರೆ, ಮೂವತ್ತು ಊರಿನ ನೀರು ಕಾಗದದ ಮೇಲೆ ಚೆನ್ನಾಗಿಯೇ ಇರುತ್ತದೆ, ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿರುತ್ತದೆ. ಶೆಲ್ಫಿನ ಮೇಲಿನ ಮಾಡೆಲ್ ಜರ್ನಲ್ ಇನ್ನೊಂದು ಬ್ಯಾಚಿನ ಫೋನುಗಳೊಳಗೆ ಹೋಗುತ್ತದೆ, ಅದು ಮತ್ತೆ ದೋಷಗಳನ್ನು ಎಣಿಸುತ್ತದೆ.

ಎದ್ದು ಶೆಲ್ಫಿನ ಬಳಿ ಹೋದೆ. ಮಾಡೆಲ್ ಜರ್ನಲ್ ತೆಗೆದು ಆ ಪುಟದ ಮೂರು ಅಂಕಿಗಳ ಮೇಲೆ ಕೆಂಪು ಗೆರೆ ಎಳೆದೆ, ಶುಕ್ರವಾರ ಎಳೆದ ಹಾಗೆಯೇ. ಪಕ್ಕಕ್ಕೆ ಅದೇ ಪದ ಬರೆದೆ. ಆಮೇಲೆ ಮೂವತ್ತು ಜರ್ನಲ್‌ಗಳ ಕಟ್ಟನ್ನು ಎರಡೂ ತೋಳಲ್ಲಿ ತಂದು ಮೇಜಿನ ಮೇಲಿಟ್ಟೆ. ಮೇಲಿದ್ದದ್ದು ಸೊಹೇಲ್‌ನದು. ಪುಟ ತೆಗೆದು ನನ್ನ ಸಹಿಯನ್ನು ಹೊಡೆದು ಹಾಕಿ, '23' ಹೊಡೆದು ಹಾಕಿ, 'ಮತ್ತೆ ಮಾಡತಕ್ಕದ್ದು' ಎಂದು ಬರೆದೆ. ಅಯ್ಯಪ್ಪ ಸರ್ ಏನೆನ್ನುತ್ತಾರೆ ಎಂಬುದು ನನಗೆ ಮಾತಿನ ಸಮೇತ ಗೊತ್ತಿತ್ತು.

"ಮರಿಲಿಂಗಪ್ಪ, ನಾಳೆ ಮುಂಜಾನೆ ಏಳಕ್ಕ ಲ್ಯಾಬ್ ತಗೀರಿ," ಎಂದೆ. "ಎಲ್ಲರಿಗೂ ಈಗ ಫೋನ್ ಮಾಡಿ ಹೇಳ್ತೀನಿ, ನೀರು ತರತಾರ. ನಾನೂ ಮೊದಲ ಬಸ್ಸಿಗೆ ಬರ್ತೀನಿ."

"ತರ್ತಾರೋ, ನಿಮ್ಮ ಮ್ಯಾಲ ಹಾಕ್ತಾರೋ," ಎಂದರು ಅವರು.

ಮೌನಿಕಾ ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳ ಹದಿನೇಳು ಅವಳ ಕೈಯಲ್ಲಿತ್ತು, ಅವಳ ಬಸ್ಸಿಗೂ ಹೊತ್ತಾಗಿತ್ತು. ಅವಳು ಎದುರಿನ ಸ್ಟೂಲ್ ಎಳೆದುಕೊಂಡು ಕೂತಳು. ನಗು ಇರಲಿಲ್ಲ, ಥ್ಯಾಂಕ್ಸ್ ಎನ್ನಲಿಲ್ಲ. ಎರಡನೆಯ ಜರ್ನಲ್ ತೆರೆದೆ. ಮೂರನೆಯದಕ್ಕೆ ಕೈ ಹಾಕುವ ಮುಂಚೆ ಬೆರಳು ಒಂದು ಕ್ಷಣ ತಡೆಯಿತು. ತಲೆ ಎತ್ತಿದರೆ, ಅವಳು ನನ್ನ ಪೆನ್ನನ್ನೇ ನೋಡುತ್ತಿದ್ದಳು.

"ಇನ್ನೂ ಇಪ್ಪತ್ತೆಂಟು ಅವ್ರಿ," ಎಂದಳು.